ದೀಪ ಹಸಿರು, ಕಿವಿ ಕಿವುಡು

ಸ್ಟುಟ್‌ಗಾರ್ಟ್ ಕಡೆಯಿಂದ ಬರುವ ಎಸ್-1 ರೈಲಿನ ಓಟ ಕಿರ್ಖ್‌ಹೈಮ್ ಪಟ್ಟಣದಲ್ಲಿ ಮುಗಿಯುತ್ತದೆ. ಇಳಿದು ದಕ್ಷಿಣಕ್ಕೆ ಮುಖ ಮಾಡಿದರೆ ಸ್ವಾಬಿಯನ್ ಆಲ್ಬ್ ಗುಡ್ಡಸಾಲು, ಅದರ ಮುಂಚಾಚಿದ ಒಂದು ನೆತ್ತಿಯ ಮೇಲೆ ಟೆಕ್ ಕೋಟೆ. ಗ್ಲೈಡರ್ ಮಂದಿಗೆ ಈ ಊರು ಗೊತ್ತಿರುವುದು ಕೋಟೆಯ ದೆಸೆಯಿಂದಲ್ಲ. ಶೆಂಪ್-ಹಿರ್ಟ್ ಎಂಬ ಹೆಸರಾಂತ ಕಂಪನಿ 1930ರ ದಶಕದಿಂದ ಇಲ್ಲಿ ಗ್ಲೈಡರ್ ಕಟ್ಟುತ್ತಿದೆ. ಸುತ್ತಮುತ್ತ ಹುಲ್ಲಿನ ರನ್‌ವೇ ಇಟ್ಟುಕೊಂಡ ಕ್ಲಬ್‌ಗಳು ಹಲವಿವೆ. ಅಂಥದ್ದೊಂದು ಕ್ಲಬ್ಬಿನಲ್ಲಿ ನನ್ನ ಚಿಕ್ಕಮ್ಮನ ಮಗ ಸದಸ್ಯ. ತೀರ್ಥಹಳ್ಳಿಯ ಹುಡುಗ, ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗದ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯಲು ಸೇರಿದವನನ್ನು ಅದೇ ಕೆಲಸ ಇಲ್ಲಿಗೆ ತಂದು ಬಿಟ್ಟಿದೆ. "ಅಕ್ಕ, ಕೋಟೆ ಆಮೇಲೆ ನೋಡೋಣ, ಮೊದಲು ನಮ್ಮ ಕಾರ್ಯಾಗಾರಕ್ಕೆ ಬಾ. ಈ ವಾರ ಮೂರು ಫ್ಲಾರ್ಮ್ ಕೆಟ್ಟು ಕೂತಿವೆ," ಎಂದ. ಫ್ಲಾರ್ಮ್ ಎಂದರೆ ಗ್ಲೈಡರುಗಳು ಒಂದಕ್ಕೊಂದು ಡಿಕ್ಕಿಯಾಗದಂತೆ ಪೈಲಟ್‌ಗಳನ್ನು ಎಚ್ಚರಿಸುವ ಪೆಟ್ಟಿಗೆ.

ಮಾರ್ಚ್ ಕೊನೆಯ ಶನಿವಾರ. ಹಾರಾಟದ ಋತು ಶುರುವಾಗಲು ಕೆಲವೇ ದಿನ. ಹ್ಯಾಂಗರಿನ ಒಳಗೆ ನೆಟ್ಟಗೆ ನಡೆಯಲಾಗದು. ಒಂದು ಗ್ಲೈಡರಿನ ರೆಕ್ಕೆಯ ಕೆಳಗೆ ಇನ್ನೊಂದರ ರೆಕ್ಕೆ, ಅದರಡಿ ಮತ್ತೊಂದರ ಬಾಲ. ಹದಿನೈದು, ಹದಿನೆಂಟು ಮೀಟರ್ ಅಗಲದ ರೆಕ್ಕೆಗಳನ್ನು ಇಷ್ಟು ಜಾಗದಲ್ಲಿ ತೂರಿಸಿದ್ದು ಯಾರ ತಲೆಯೋ ಎಂದುಕೊಳ್ಳುತ್ತ ಬಗ್ಗಿ ಬಗ್ಗಿ ಸಾಗಬೇಕು. ರೆಸಿನ್ ವಾಸನೆ, ಪಾಲಿಶ್ ಮೇಣದ ವಾಸನೆ. ಇಲ್ಲಿ ಸಂಬಳದ ಮೆಕ್ಯಾನಿಕ್ ಇಲ್ಲ. ಚಳಿಗಾಲದಲ್ಲಿ ಪ್ರತಿಯೊಬ್ಬ ಸದಸ್ಯನೂ ಇಷ್ಟು ಗಂಟೆ ದುಡಿಯಬೇಕೆಂಬ ಲೆಕ್ಕ ಗೋಡೆಯ ಪಟ್ಟಿಯಲ್ಲಿದೆ, ದುಡಿಯದವರ ಹೆಸರಿನ ಮುಂದಿನ ಖಾಲಿ ಮನೆ ಎಲ್ಲರಿಗೂ ಕಾಣುತ್ತದೆ.

ಹ್ಯಾಂಗರಿನ ಹಿಂದಿನ ಬಾಗಿಲಿನಿಂದ ಗುಡ್ಡ ಚೆನ್ನಾಗಿ ಕಾಣುತ್ತದೆ. ವಾಯವ್ಯದ ಗಾಳಿ ಬೀಸಿದ ದಿನ ಅದು ಈ ಕಡಿದಾದ ಇಳಿಜಾರಿಗೆ ಬಡಿದು ಮೇಲೇಳುತ್ತದೆ. ಇಂಜಿನ್ ಇಲ್ಲದ ವಿಮಾನಕ್ಕೆ ಮೇಲೇಳುವ ಗಾಳಿಯೇ ಬಂಡವಾಳ. ಹಾಗಾಗಿ ಅಂದು ಸುತ್ತಲಿನ ಕ್ಲಬ್ಬುಗಳವರೆಲ್ಲ ಅದೇ ಇಳಿಜಾರಿನ ನೆತ್ತಿಗೆ ತಾಗಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡುತ್ತಾರೆ. ಬಿಸಿಲು ಜಾಸ್ತಿಯಾಗಿ ಥರ್ಮಲ್, ಅಂದರೆ ನೆಲದಿಂದೇಳುವ ಬಿಸಿಗಾಳಿಯ ಕಂಬ, ಏಳತೊಡಗಿದರೆ ಒಂದೇ ಥರ್ಮಲ್ಲಿನಲ್ಲಿ ನಾಲ್ಕೈದು ಗ್ಲೈಡರ್ ಸುತ್ತು ಹಾಕುತ್ತವೆ. ಆಕಾಶ ವಿಶಾಲ ಅನ್ನುವುದು ನೆಲದಲ್ಲಿ ನಿಂತವರ ಮಾತು. ಹಾರುವವರಿಗೆ ಬೇಕಾದ ಆಕಾಶ ತೀರಾ ಇಕ್ಕಟ್ಟು.

ಕಣ್ಣಿಟ್ಟು ನೋಡಿಕೊಂಡು ಹಾರಬಾರದೇ ಎಂದು ಕೇಳಿದೆ. ಎಲ್ಲರೂ ನೋಡುತ್ತಾರೆ, ಈಗಲೂ ಮೊದಲ ನಿಯಮ ಅದೇ. ಆದರೆ ಎದುರಿನಿಂದ ಬರುವ ಗ್ಲೈಡರ್ ಕಾಣುವುದು ಒಂದು ತೆಳು ಬಿಳಿ ಗೆರೆಯಾಗಿ, ಅದೂ ಬಿಳಿ ಮೋಡದ ಹಿನ್ನೆಲೆಯಲ್ಲಿ. ಇನ್ನೊಂದು ತೊಡಕೂ ಇದೆ. ನಿಜವಾಗಿ ಡಿಕ್ಕಿಯಾಗಲಿರುವ ವಿಮಾನ ನಮ್ಮ ಗಾಜಿನ ಮೇಲೆ ಅತ್ತಿತ್ತ ಜರುಗುವುದಿಲ್ಲ. ಒಂದೇ ಜಾಗದಲ್ಲಿ ನಿಂತ ಚುಕ್ಕೆಯಾಗಿದ್ದು, ಕೊನೆಯ ಕೆಲವು ಸೆಕೆಂಡಿನಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ನಮ್ಮ ಕಣ್ಣು ಚಲನೆಯನ್ನು ಹಿಡಿಯುವುದರಲ್ಲಿ ಚುರುಕು. ಅಲ್ಲಾಡದ ಚುಕ್ಕೆ ಅದಕ್ಕೆ ಸುಲಭವಾಗಿ ತಪ್ಪಿಹೋಗುತ್ತದೆ.

ಪ್ರಯಾಣಿಕರ ವಿಮಾನಗಳಲ್ಲಿರುವ ಡಿಕ್ಕಿ ತಪ್ಪಿಸುವ ವ್ಯವಸ್ಥೆ ಇಲ್ಲಿ ನಡೆಯದು. ಅದಕ್ಕೆ ಬೇಕಾದಷ್ಟು ವಿದ್ಯುತ್ತನ್ನು ಗ್ಲೈಡರಿನ ಪುಟ್ಟ ಬ್ಯಾಟರಿ ಕೊಡಲಾರದು, ಕೊಟ್ಟರೂ ಒಂದೇ ಥರ್ಮಲ್ಲಿನಲ್ಲಿ ಸುತ್ತುವವರ ನಡುವೆ ಅದು ಬಾಯಿ ಮುಚ್ಚದೆ ಕೂಗುತ್ತಿರುತ್ತದೆ. ಈ ತೊಡಕನ್ನು ಬಿಡಿಸಿದವರು ಸ್ವಿಸ್ ಮಂದಿ. ಉರ್ಸ್ ರೋಟಾಖರ್ ಮತ್ತು ಆಂಡ್ರಿಯಾ ಶ್ಲಾಪ್‌ಬಾಖ್ 2003ರಲ್ಲಿ ಕೆಲಸ ಶುರು ಮಾಡಿದರು, ಆಮೇಲೆ ಉರ್ಬಾನ್ ಮೇಡರ್ ಜೊತೆಗೂಡಿದರು. 2004ರಲ್ಲಿ ಫ್ಲಾರ್ಮ್ ಮಾರಾಟಕ್ಕೆ ಬಂತು. ಆಲ್ಪ್ಸ್ ಕಣಿವೆಗಳಲ್ಲಿ ಬೇಗ ಹಬ್ಬಿತು. ಅಲ್ಲಿ ಕಣಿವೆಗೆ ಅಡ್ಡವಾಗಿ ಹಾದ ಕೇಬಲ್ಲು, ವಿದ್ಯುತ್ ತಂತಿಗಳ ಪಟ್ಟಿಯನ್ನೂ ಈ ಪೆಟ್ಟಿಗೆಯೊಳಗೆ ತುಂಬಿಸಿಡಬಹುದು.

ಕೆಲಸ ಮಾಡುವ ಬಗೆ ಸರಳ. ಪೆಟ್ಟಿಗೆ ಜಿಪಿಎಸ್‌ನಿಂದ ತಾನೆಲ್ಲಿದ್ದೇನೆ ಎಂದು ತಿಳಿದುಕೊಳ್ಳುತ್ತದೆ, ಮುಂದಿನ ಸುಮಾರು ಇಪ್ಪತ್ತು ಸೆಕೆಂಡಿನಲ್ಲಿ ತಾನು ಸಾಗುವ ದಾರಿಯನ್ನು ಊಹಿಸುತ್ತದೆ, ಅದನ್ನು ಯುರೋಪಿನಲ್ಲಿ 868 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಯಲ್ಲಿ ಸೆಕೆಂಡಿಗೊಮ್ಮೆಯಂತೆ ಸಾರುತ್ತದೆ. ಬೇರೆಯವರು ಸಾರಿದ್ದನ್ನು ಕೇಳಿಸಿಕೊಂಡು ತನ್ನ ದಾರಿಗೆ ತಾಳೆ ನೋಡುತ್ತದೆ. ಎರಡು ದಾರಿ ಕೂಡುವಂತಿದ್ದರೆ ಮಾತ್ರ ಬೀಪ್. ಆಗುಂಬೆ ಘಾಟಿಯ ತಿರುವಿನಲ್ಲಿ ಮೇಲಿನ ಬಸ್ಸೂ ಕೆಳಗಿನ ಬಸ್ಸೂ ಹಾರನ್ ಹೊಡೆದುಕೊಂಡು ಬರುವ ಹಾಗೆ: ಇಬ್ಬರದ್ದೂ ಸರಿಯಿದ್ದರೆ ಮಾತ್ರ ವ್ಯವಸ್ಥೆ. ನಿನ್ನ ಹಾರನ್ ಕೆಟ್ಟಿದ್ದರೆ ಅದರ ಅಪಾಯದಲ್ಲಿ ಎದುರಿನವನಿಗೂ ಪಾಲಿದೆ.

ಕಾರ್ಯಾಗಾರ ಹ್ಯಾಂಗರಿನ ಪಕ್ಕದ ಒಂದು ಉದ್ದನೆಯ ಕೋಣೆ. ಉಪಕರಣಗಳ ಮೇಜನ್ನು ನೋಡಿಕೊಳ್ಳುವವರು ನಿವೃತ್ತ ಟೆಲಿಫೋನ್ ತಂತ್ರಜ್ಞರು, ಎಪ್ಪತ್ತು ದಾಟಿದವರು. ಇಂಗ್ಲಿಷ್ ಬರುತ್ತದೆ, ಆದರೆ ತಂತಿಯ ವಿಷಯಕ್ಕೆ ಬಂದರೆ ಜರ್ಮನ್ನಿಗೇ ಹೊರಳುತ್ತಾರೆ. ನನ್ನ ತಮ್ಮ ಅದನ್ನು ಕನ್ನಡದಲ್ಲಿ ಹೇಳುತ್ತಾನೆ. ಪೆಟ್ಟಿಗೆ ಬಿಚ್ಚುವ ಮೊದಲು ಅವರು ತೆರೆದದ್ದು ಒಂದು ನೋಟ್‌ಬುಕ್. ಪೈಲಟ್‌ಗಳು ದೂರು ಬರೆದಿಟ್ಟು ಹೋಗುವ ಪುಸ್ತಕ. ಈ ಸಲದ ಮೂರು ದೂರುಗಳು: "ನಡುನಡುವೆ ಸತ್ತುಹೋಗುತ್ತದೆ", "ಸುಮ್ಮಸುಮ್ಮನೆ ಯಾರನ್ನೋ ತೋರಿಸುತ್ತದೆ", ಮೂರನೆಯದು "ಎಲ್ಲ ಸರಿಯಿದೆ, ಆದರೂ ಯಾಕೋ ಅನುಮಾನ".

ಮೂರನೆಯದರ ಮೇಲೆ ಬೆರಳಿಟ್ಟು, "ಇವನು ಒಳ್ಳೆಯ ಪೈಲಟ್," ಎಂದರು.

ಮೊದಲನೆಯದು ತರಬೇತಿಯ ಎರಡು ಸೀಟಿನ ಎಎಸ್‌ಕೆ-21. ಹೊಸಬರು ಕಲಿಯುವುದು ಇದರಲ್ಲೇ, ಹಾಗಾಗಿ ಅತಿ ಹೆಚ್ಚು ಕೈ ಬದಲಾಯಿಸುವ ಗ್ಲೈಡರ್ ಇದು. ನಡುವೆ ಸಾಯುವ ರೋಗಕ್ಕೆ ಎಲ್ಲರೂ ಹೇಳುವ ಮದ್ದು ಬ್ಯಾಟರಿ ಬದಲಿಸುವುದು. ಹಿರಿಯರು ಬದಲಿಸಲಿಲ್ಲ. ವೋಲ್ಟ್‌ಮೀಟರನ್ನು ಬ್ಯಾಟರಿಯ ಬಾಯಿಗಲ್ಲದೆ ಫ್ಲಾರ್ಮಿನ ಪ್ಲಗ್‌ಗೇ ಹಚ್ಚಿ, ತಮ್ಮನಿಗೆ ರೇಡಿಯೋದ ಮಾತಾಡುವ ಗುಂಡಿ ಒತ್ತು ಎಂದರು. ಒತ್ತಿದ್ದೇ ತಡ, ಹನ್ನೆರಡರ ಮೇಲಿದ್ದ ಅಂಕಿ ದಬಕ್ಕನೆ ಕುಸಿಯಿತು. ಬಿಟ್ಟಾಗ ಮತ್ತೆ ಏರಿತು. ಮೀಟರನ್ನು ಬ್ಯಾಟರಿಗೇ ಹಚ್ಚಿ ಮತ್ತೆ ಒತ್ತಿಸಿದರೆ ಅಲ್ಲಿ ಅಂಕಿ ಅಲ್ಲಾಡಲೇ ಇಲ್ಲ. ಅಂದರೆ ಕಳ್ಳ ಇವೆರಡರ ನಡುವೆ ಎಲ್ಲೋ ಇದ್ದಾನೆ. ಫ್ಯೂಸ್ ಕೂರಿಸುವ ಹಿಡಿಕೆಯನ್ನು ಹೊರಗೆಳೆದರು. ಒಳಗೆ ಹಸಿರು ಕಿಲುಬು. ಪೈಲಟ್ ರೇಡಿಯೋದಲ್ಲಿ ಮಾತಾಡಿದಾಗಲೆಲ್ಲ ಫ್ಲಾರ್ಮ್ ಉಸಿರುಗಟ್ಟಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಉಪಗ್ರಹಗಳನ್ನು ಹುಡುಕಿ ಮತ್ತೆ ಕೆಲಸಕ್ಕೆ ನಿಲ್ಲುವವರೆಗೂ ಅದು ಇದ್ದೂ ಇಲ್ಲ. ಪೈಲಟ್ ಮಾತಾಡುವುದು ಯಾವಾಗ? ಇಳಿಯುವ ಮುನ್ನ, ಎಲ್ಲರೂ ಒಂದೇ ಮೈದಾನದ ಸುತ್ತ ಸೇರುವ ಹೊತ್ತಿಗೆ. ಹೊಸ ಬ್ಯಾಟರಿ ಹಾಕಿದ್ದರೆ ಒಂದಷ್ಟು ವಾರ ತಳ್ಳುತ್ತಿತ್ತೇನೋ, ಆಮೇಲೆ ಮತ್ತೆ ಇದೇ ಪಾಡು.

ಎರಡನೆಯದರ ಕಥೆ ಸ್ವಾರಸ್ಯದ್ದು. ಈ ಗ್ಲೈಡರಿಗೆ ಹೋದ ವರ್ಷ ಟ್ರಾನ್ಸ್‌ಪಾಂಡರ್ ಕೂರಿಸಿದ್ದಾರೆ. ನೆಲದ ರೇಡಾರ್ ಕೇಳಿದಾಗ ನಾನಿಂಥವನು ಎಂದು ಉತ್ತರಿಸುವ ಯಂತ್ರ. ಹೊಸ ಮಾದರಿಯ ಫ್ಲಾರ್ಮ್ ತನ್ನ ಜಾತಿಯವರಲ್ಲದೆ ಟ್ರಾನ್ಸ್‌ಪಾಂಡರ್ ಇರುವ ವಿಮಾನಗಳ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಅಂಥ ವಿಮಾನ ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಾಗದಿದ್ದರೂ, ಅಲೆಯ ಬಲ ನೋಡಿ ಹತ್ತಿರವೋ ದೂರವೋ ಎಂದು ಅಂದಾಜು ಮಾಡುತ್ತದೆ. ಪ್ರತಿ ವಿಮಾನಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ ಇರುತ್ತದೆ. ಟ್ರಾನ್ಸ್‌ಪಾಂಡರ್ ಕೂರಿಸಿದವರು ಆ ಸಂಖ್ಯೆಯನ್ನು ಫ್ಲಾರ್ಮಿಗೆ ಹೇಳಿಕೊಟ್ಟಿರಲಿಲ್ಲ. ಪಾಪ, ಅದು ತನ್ನದೇ ಹಿಂದಿನ ಸೀಟಿನ ಪಕ್ಕದಲ್ಲಿರುವ ಯಂತ್ರದ ದನಿ ಕೇಳಿ, ಯಾರೋ ಸರಿಯಾಗಿ ನಮ್ಮ ಎತ್ತರದಲ್ಲೇ ತೀರಾ ಹತ್ತಿರ ಹಾರುತ್ತಿದ್ದಾರೆ ಎಂದು ಹೌಹಾರುತ್ತಿತ್ತು. ಬೆನ್ನಟ್ಟಿ ಬಂದವನು ಎಷ್ಟು ಹೊರಳಿದರೂ ಬಿಡುತ್ತಿಲ್ಲ! ಸಂರಚನೆಯ ಕಡತದಲ್ಲಿ ಆರಂಕಿಯ ಒಂದು ಸಂಖ್ಯೆ ತಿದ್ದಿ, ಮೆಮೊರಿ ಕಾರ್ಡ್ ಹಾಕಿ ತೆಗೆದದ್ದಷ್ಟೇ ರಿಪೇರಿ. ಅದೇ ಕಡತದಲ್ಲಿ ಇನ್ನೊಂದು ಸಾಲಿದೆ, ಇದು ಗ್ಲೈಡರೋ, ಎಳೆಯುವ ವಿಮಾನವೋ, ಹೆಲಿಕಾಪ್ಟರೋ ಎಂದು ಹೇಳುವ ಸಾಲು. ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಕೊಂಡವರು ಅದನ್ನು ನೋಡುವುದೇ ಇಲ್ಲ ಎಂದು ಹಿರಿಯರು ಗೊಣಗಿದರು. ಗ್ಲೈಡರ್ ಸುತ್ತುವ ರೀತಿ ಬೇರೆ, ಇಂಜಿನ್ ವಿಮಾನ ಸಾಗುವ ರೀತಿ ಬೇರೆ. ಜಾತಿ ತಪ್ಪಾದರೆ ಮುಂದಿನ ದಾರಿಯ ಊಹೆಯೂ ತಪ್ಪುತ್ತದೆ.

ಸುಮ್ಮನೆ ಕೂಗುವ ಪೆಟ್ಟಿಗೆ ಪೈಲಟ್‌ಗೆ ಕಿರಿಕಿರಿ ಮಾಡುತ್ತದೆ, ಆದ್ದರಿಂದ ರಿಪೇರಿಗೆ ಬರುತ್ತದೆ. ಸಾಯುವ ಪೆಟ್ಟಿಗೆಯ ದೀಪ ಆರುತ್ತದೆ, ಅದೂ ಬರುತ್ತದೆ. ಮೂರನೆಯ ಬಗೆಯದು ತಾನಾಗಿ ಬರುವುದಿಲ್ಲ. ಹಳೆಯ ಮಾದರಿಯ ಮುಖದಲ್ಲಿ ನಾಲ್ಕು ದೀಪ: ಕೇಳುತ್ತಿದ್ದೇನೆ, ಸಾರುತ್ತಿದ್ದೇನೆ, ಜಿಪಿಎಸ್ ಇದೆ, ವಿದ್ಯುತ್ ಇದೆ. ಮೂರನೆಯ ದೂರಿನ ಈ ರೇಸಿಂಗ್ ಗ್ಲೈಡರಿನದ್ದರಲ್ಲಿ ನಾಲ್ಕೂ ಉರಿಯುತ್ತಿವೆ. ಪಕ್ಕದ ಗ್ಲೈಡರಿನ ಸ್ವಿಚ್ ಹಾಕಿದರೆ ಅದನ್ನೂ ಹಿಡಿಯುತ್ತದೆ. ಇನ್ನೇನು ಬೇಕು?

ಹಿರಿಯರು ಲೆಕ್ಕ ಹೇಳಿದರು. ಎರಡು ರೇಸಿಂಗ್ ಗ್ಲೈಡರ್ ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬಂದರೆ ನಡುವಿನ ಅಂತರ ಸೆಕೆಂಡಿಗೆ 83 ಮೀಟರ್ ಕರಗುತ್ತದೆ. ಫ್ಲಾರ್ಮಿನ ಮೊದಲ ಎಚ್ಚರಿಕೆ ಡಿಕ್ಕಿಗೆ ಸುಮಾರು 18 ಸೆಕೆಂಡು ಮೊದಲು. ಅಂದರೆ ಎದುರಿನವನು ಒಂದೂವರೆ ಕಿಲೋಮೀಟರ್ ಆಚೆಯಿರುವಾಗಲೇ ಅವನ ದನಿ ಇವನಿಗೆ ಸ್ಪಷ್ಟವಾಗಿ ಕೇಳಿಸಿರಬೇಕು. ಆರೇಳು ನೂರು ಮೀಟರಿನಲ್ಲಿ ಕೇಳಿಸಿದರೆ ಮೊದಲ ಹಂತದ ಎಚ್ಚರಿಕೆ ಇಲ್ಲ, ನೇರವಾಗಿ ಕೊನೆಯ ಹಂತದ ಕಿರುಚಾಟ. ಎಂಟು ಸೆಕೆಂಡಿನಲ್ಲಿ ತಲೆಯೆತ್ತಿ, ಹುಡುಕಿ, ಕಂಡು, ಹೊರಳಬೇಕು. ಹ್ಯಾಂಗರಿನಲ್ಲಿ ಹತ್ತು ಮೀಟರಿನಿಂದ ಕೇಳಿಸಿದ್ದು ಏನನ್ನೂ ಸಾಬೀತು ಮಾಡುವುದಿಲ್ಲ.

ಮೊದಲಿಗೆ ಕಳೆದ ಋತುವಿನ ಹಾರಾಟದ ದಾಖಲೆ ತೆಗೆದರು. ಫ್ಲಾರ್ಮ್ ಪ್ರತಿ ಹಾರಾಟವನ್ನೂ ಬರೆದಿಟ್ಟುಕೊಳ್ಳುತ್ತದೆ. ಯಾರ ದನಿ ಯಾವ ದಿಕ್ಕಿನಿಂದ ಎಷ್ಟು ದೂರದಿಂದ ಕೇಳಿಸಿತು ಎಂಬುದನ್ನು ಅದರಿಂದ ಹೆಕ್ಕಿ ಚಿತ್ರ ಬರೆದುಕೊಡುವ ಸೌಲಭ್ಯವನ್ನು ತಯಾರಕರೇ ಇಟ್ಟಿದ್ದಾರೆ. ನಡುವೆ ಗ್ಲೈಡರ್, ಸುತ್ತ ಒಂದು ವಲಯ. ಆರೋಗ್ಯವಂತ ಪೆಟ್ಟಿಗೆಯ ವಲಯ ಸುಮಾರಾಗಿ ದುಂಡಗಿದ್ದು, ಹಲವು ಕಿಲೋಮೀಟರ್ ಹರಡಿರುತ್ತದೆ. ಇದರದ್ದು ಸುತ್ತಲೂ ಮುದುಡಿತ್ತು, ಬಾಲದ ಕಡೆಯಂತೂ ಒಳಕ್ಕೆ ಕುಸಿದಿತ್ತು. ಪೈಲಟ್‌ಗೆ ಅನುಮಾನ ಬಂದದ್ದು ಹೇಗೆ ಎಂದು ಕೇಳಿದೆ. ಹೋದ ಬೇಸಿಗೆ ಗುಡ್ಡದ ಮೇಲೆ ಗೆಳೆಯನೊಬ್ಬ ರೇಡಿಯೋದಲ್ಲಿ "ನಿನ್ನ ಹಿಂದೆಯೇ ಇದ್ದೇನೆ" ಎಂದನಂತೆ. ಇವನ ಪರದೆ ಖಾಲಿ.

ಉಪಕರಣ ಫಲಕದ ಮೇಲಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದಾಗ ಒಳಗಿನದು ಕಂಡಿತು. 868 ಮೆಗಾಹರ್ಟ್ಸ್‌ಗೆ ಕಾಲಂಶ ಅಲೆಯ ಆಂಟೆನಾ ಎಂಟೂವರೆ ಸೆಂಟಿಮೀಟರಿನ ಕಡ್ಡಿ, ಅದು ನೆಟ್ಟಗೆ ನಿಂತಿರಬೇಕು. ಎಲ್ಲರದ್ದೂ ನೆಟ್ಟಗಿದ್ದಾಗ ಒಂದರ ಅಲೆ ಇನ್ನೊಂದಕ್ಕೆ ಚೆನ್ನಾಗಿ ಹತ್ತುತ್ತದೆ. ಒಂದು ಮಲಗಿದರೆ ಅಲ್ಲಿಗೆ ಅರ್ಧ ಕಿವಿ ಹೋದಂತೆ. ಇಲ್ಲಿದ್ದದ್ದು ಬೇರಾವುದೋ ಉದ್ದದ ಕಪ್ಪು ಕಡ್ಡಿ, ಮುಚ್ಚಳ ಮುಚ್ಚಲಿ ಎಂದು ಬಗ್ಗಿಸಿ ಮಲಗಿಸಿದ್ದರು, ಎತ್ತರಮಾಪಕದ ಲೋಹದ ಡಬ್ಬಿಗೆ ಒರಗಿಸಿ. ಕೆಳಗೆ ಕಾರ್ಬನ್ ನಾರಿನ ಒಡಲು. ಹಳೆಯ ಫೈಬರ್‌ಗ್ಲಾಸ್ ಗ್ಲೈಡರುಗಳ ಮೈ ಮೂಲಕ ರೇಡಿಯೋ ಅಲೆ ಸಲೀಸಾಗಿ ಹಾಯುತ್ತದೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತು, ಅಲೆಯನ್ನು ತಡೆದು ನಿಲ್ಲಿಸುತ್ತದೆ. ಹಗುರ, ಗಟ್ಟಿ ಎಂದು ದುಬಾರಿ ಗ್ಲೈಡರಿಗೆ ಹಾಕುವ ಕಾರ್ಬನ್ನೇ ಅದನ್ನು ಕಿವುಡಾಗಿಸುತ್ತದೆ. ಹಿಂದುಗಡೆಗೆ ಅಡ್ಡ ಬರುವುದು ಪೈಲಟನದೇ ದೇಹ. ಮನುಷ್ಯನ ಮೈಯಲ್ಲಿ ಬಹುಪಾಲು ನೀರು, ಈ ಅಲೆಯನ್ನು ಚೆನ್ನಾಗಿಯೇ ಹೀರುತ್ತದೆ.

ಇಷ್ಟೇ ಆಗಿದ್ದರೆ ವಲಯ ಇಷ್ಟೊಂದು ಮುದುಡುತ್ತಿರಲಿಲ್ಲ ಎಂದು ಹಿರಿಯರು ಆಂಟೆನಾ ಬಿಚ್ಚಿ, ಅದರ ಬುಡವನ್ನು ಭೂತಗನ್ನಡಿಯ ಕೆಳಗೆ ನನಗೆ ಹಿಡಿದರು. ಹಿತ್ತಾಳೆಯ ತಿರುಪಿನ ಒಳಗೆ, ನಟ್ಟನಡುವೆ, ಒಂದು ಪುಟ್ಟ ತೂತು. ಆಮೇಲೆ ಪೆಟ್ಟಿಗೆಯ ಕಡೆಯ ಕನೆಕ್ಟರ್ ತೋರಿಸಿದರು. ಅಲ್ಲೂ ನಡುವೆ ತೂತು. ಒಂದು ಕಡೆ ಸೂಜಿ, ಒಂದು ಕಡೆ ತೂತು ಇದ್ದರೆ ತಾನೇ ಒಂದರೊಳಗೊಂದು ಕೂರುವುದು? ಇಲ್ಲಿ ಸುತ್ತಲಿನ ತಿರುಪು ಬಿಗಿಯಾಗಿ ಹಿಡಿದಿದೆ, ಎಳೆದರೆ ಬರುವುದಿಲ್ಲ, ಆದರೆ ನಡುವೆ ಲೋಹಕ್ಕೆ ಲೋಹ ತಾಗಿಯೇ ಇಲ್ಲ. ಈ ಕಡ್ಡಿ ಮನೆಯ ವೈಫೈ ರೂಟರಿನದು. ಅವುಗಳ ಕನೆಕ್ಟರಿನಲ್ಲಿ ಸೂಜಿ-ತೂತಿನ ಜಾಗ ಬೇಕೆಂದೇ ಅದಲುಬದಲು ಮಾಡಿರುತ್ತಾರೆ, ತಿರುಪು ಮಾತ್ರ ಅದೇ ಅಳತೆ. ಸಾಲದ್ದಕ್ಕೆ ವೈಫೈಯ ಆವರ್ತನವೇ ಬೇರೆ. ಹಳೆಯ ಆಂಟೆನಾ ಮುರಿದಾಗ ಯಾರೋ ಪುಣ್ಯಾತ್ಮರು ಮನೆಯಲ್ಲಿದ್ದದ್ದನ್ನು ತಂದು ತಿರುಗಿಸಿದ್ದಾರೆ. ಸರಿಯಾಗಿ ಕೂತಿತು, ದೀಪ ಹಸಿರಾಯಿತು, ಮನೆಗೆ ಹೋದರು. ತಾಗದ ತುದಿಗಳ ನಡುವಿನ ಸಂದಿಯಿಂದ ಸೋರುವ ಚೂರುಪಾರು ಅಲೆಯಲ್ಲೇ ಹತ್ತಿರದವರ ಜೊತೆ ಇದು ಇಡೀ ಬೇಸಿಗೆ ಪಿಸುಗುಟ್ಟಿಕೊಂಡಿತ್ತು.

ನೋಟ್‌ಬುಕ್ಕಿನಲ್ಲಿ ಯಾರ ಹೆಸರೂ ಬರೆಯಲಿಲ್ಲ. ಆ ಕಡ್ಡಿ ಹಾಕಿದವರು ಯಾರೆಂದು ನನ್ನ ತಮ್ಮ ಕೇಳಿದ್ದಕ್ಕೆ ಹಿರಿಯರು, "ಹೆಸರು ಬರೆದರೆ ಮುಂದಿನ ಸಲ ಯಾರೂ ದೂರು ಬರೆಯುವುದಿಲ್ಲ," ಎಂದರು. ನಮ್ಮ ಸರ್ಕಾರಿ ಕಚೇರಿಗಳಿಗೆ ಈ ಮಾತನ್ನು ಕಟ್ಟುಹಾಕಿಸಿ ಕಳಿಸಬೇಕು ಅನ್ನಿಸಿತು.

ಹೊಸ ಆಂಟೆನಾವನ್ನು ನೆಟ್ಟಗೆ, ಲೋಹದಿಂದ ಒಂದು ಗೇಣು ದೂರದಲ್ಲಿ ಕೂರಿಸಲು ಮಧ್ಯಾಹ್ನವೆಲ್ಲ ಬೇಕಾಯಿತು. ಆಂಟೆನಾದ ಕೇಬಲ್ಲನ್ನು ಕಾಲಿನ ಪೆಡಲ್ ಹಿಂದೆಮುಂದೆ ಸರಿಸುವ ಹಳಿಯಿಂದ ದೂರಕ್ಕೆ ಒಯ್ದು ಕೇಬಲ್ ಟೈ ಹಾಕಿದರು; ಉದ್ದ ಕಾಲಿನವರು ಪೆಡಲ್ ತಳ್ಳಿದಾಗ ಅಲ್ಲಿ ಸಿಕ್ಕಿ ನಜ್ಜುಗುಜ್ಜಾದ ಕೇಬಲ್ಲಿನ ತುಂಡೊಂದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ಫೋನ್ ಚಾರ್ಜ್ ಮಾಡಲೆಂದು ಫಲಕದೊಳಗೆ ಸೇರಿಸಿದ್ದ ಅಗ್ಗದ ಯುಎಸ್‌ಬಿ ಚಾರ್ಜರನ್ನೂ ಕಿತ್ತರು. ಅಂಥವು ಹೊರಚೆಲ್ಲುವ ರೇಡಿಯೋ ಗದ್ದಲದಲ್ಲಿ ಜಿಪಿಎಸ್‌ನ ಕ್ಷೀಣ ದನಿ ಮುಳುಗಿಹೋಗಬಹುದು. ಒಂದೊಂದು ಬದಲಾವಣೆಗೂ ಒಂದು ಸಾಲು, ಒಂದು ತಾರೀಖು. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ ಎಂಬ ಪಾಠ ತಮ್ಮನಿಗೆ ಮತ್ತೊಮ್ಮೆ ಆಯಿತು. ಆಫೀಸಿನಲ್ಲಿ ಅವನು ದಿನವೂ ಮಾಡುವುದು ಅದನ್ನೇ ಎಂದು ನನ್ನ ಕಿವಿಯಲ್ಲಿ ಹೇಳಿದ, ಹಿರಿಯರಿಗೆ ಹೇಳಲಿಲ್ಲ.

ಮಿಕ್ಕ ಪೆಟ್ಟಿಗೆಗಳಿಗೆ ಬೇಕಿದ್ದದ್ದು ವರ್ಷಕ್ಕೊಮ್ಮೆಯ ಸಾಫ್ಟ್‌ವೇರ್ ನವೀಕರಣ ಮಾತ್ರ. ಎಲ್ಲ ಪೆಟ್ಟಿಗೆಗಳೂ ಒಂದೇ ಭಾಷೆ ಆಡಬೇಕಾದ್ದರಿಂದ ಹಳೆಯ ಆವೃತ್ತಿಗೆ ಅವಧಿ ಇಟ್ಟಿರುತ್ತಾರೆ; ಅವಧಿ ಮೀರಿದ್ದು ಹಟ ಹಿಡಿದು ದೋಷ ತೋರಿಸುತ್ತ ಕೂರುತ್ತದೆ. 2015ರ ಮಾರ್ಚ್‌ನಲ್ಲಿ ಹೀಗೇ ಎಲ್ಲ ಬಳಕೆದಾರರೂ ಏಕಕಾಲಕ್ಕೆ ಹೊಸ ಆವೃತ್ತಿಗೆ ಹೋಗಬೇಕಾಗಿ ಬಂದಿತ್ತು. ಕೆಟ್ಟಿದೆ ಎಂದು ಬರುವ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಇದರಾಚೆ ರೋಗವೇ ಇರುವುದಿಲ್ಲ.

ಸಂಜೆ ಕ್ಲಬ್ಬಿನ ಕ್ಯಾಂಟೀನಿನಲ್ಲಿ ಸೇಬಿನ ಕೇಕು, ಕಾಫಿ, ಜೊತೆಗೊಂದು ಜಗಳ. ಫ್ಲಾರ್ಮಿನಲ್ಲಿ ತನ್ನ ವಿವರ ಮರೆಮಾಚುವ ಒಂದು ವ್ಯವಸ್ಥೆ ಇದೆ. ಪಂದ್ಯಗಳಲ್ಲಿ ಹಿಂದಿನವರು ಮುಂದಿನವನ ಏರುವ ವೇಗವನ್ನು ಪರದೆಯಲ್ಲಿ ನೋಡಿ, ಒಳ್ಳೆಯ ಥರ್ಮಲ್ ಅಲ್ಲಿದೆ ಎಂದು ಹಿಂಬಾಲಿಸುತ್ತಾರೆ. ತಾನು ಹುಡುಕಿದ ಗಾಳಿಯನ್ನು ಪುಕ್ಕಟೆ ಯಾಕೆ ಕೊಡಲಿ ಎನ್ನುವುದು ಮುಂದಿನವನ ವಾದ. ಮರೆಮಾಚಿದರೂ ಡಿಕ್ಕಿಯ ಎಚ್ಚರಿಕೆ ನಿಲ್ಲುವುದಿಲ್ಲ, ಮರೆಮಾಚಿದವನಿಗೂ ಬೇರೆಯವರ ವಿವರ ಅಷ್ಟೇ ಮೊಟಕಾಗಿ ಕಾಣುತ್ತದೆ. ಹಾಗಾದರೆ ತಪ್ಪೇನು ಎಂದು ಯುವಕನೊಬ್ಬ ವಾದಿಸಿದ. ಸುತ್ತ ಯಾರ್‍ಯಾರು ಇದ್ದಾರೆಂದು ಎಚ್ಚರಿಕೆಗೂ ಮೊದಲೇ ಗೊತ್ತಿರುವುದೇ ಅರ್ಧ ರಕ್ಷಣೆ ಎಂದು ತರಬೇತುದಾರ್ತಿಯೊಬ್ಬರು ಮೇಜು ಕುಟ್ಟಿದರು. ನನ್ನ ಮತ ಅವರ ಕಡೆಗೇ. ಇಡೀ ದಿನ ಕಿವುಡು ಪೆಟ್ಟಿಗೆಯ ಕಿವಿ ತೆರೆಸುವುದನ್ನು ನೋಡಿದ ಮೇಲೆ, ಬಹುಮಾನಕ್ಕಾಗಿ ಬೇಕೆಂದೇ ಕಿವಿ ಮುಚ್ಚಿಕೊಳ್ಳುವುದು ವಿಚಿತ್ರವಾಗಿ ಕಂಡಿತು.

ರೇಸಿಂಗ್ ಗ್ಲೈಡರಿನ ಸಾಲಿನ ಮುಂದೆ ಹಿರಿಯರು ಅಂದು "ಸರಿಯಾಗಿದೆ" ಎಂದು ಬರೆದಿರಲಿಲ್ಲ. "ಹಾರಿ ನೋಡಬೇಕು" ಎಂದಷ್ಟೇ ಬರೆದು ಸಹಿ ಹಾಕಿದ್ದರು. ಮೇ ತಿಂಗಳಲ್ಲಿ ತಮ್ಮ ಹೊಸ ಚಿತ್ರ ಕಳಿಸಿದ. ಮುಂದೆ, ಎಡಕ್ಕೆ, ಬಲಕ್ಕೆ ವಲಯ ಚೆನ್ನಾಗಿ ಹಿಗ್ಗಿದೆ. ಹಿಂದೆ ಇನ್ನೂ ತಗ್ಗು ಉಳಿದಿದೆ, ಪೈಲಟನ ದೇಹವನ್ನು ಬಿಚ್ಚಿಡಲಾದೀತೇ? ಅದಕ್ಕೆ ಬೆನ್ನ ಹಿಂದೆ ಎರಡನೆಯ ಆಂಟೆನಾ ಕೂರಿಸಬೇಕು. ಅದನ್ನು ಒಪ್ಪಿಕೊಳ್ಳುವ ಮಾದರಿಯ ಪೆಟ್ಟಿಗೆಯನ್ನೂ ಕೊಳ್ಳಬೇಕು. ಖರ್ಚಿಗೆ ಕ್ಲಬ್ಬಿನ ಸಭೆ ಒಪ್ಪಿಗೆ ಕೊಡಬೇಕಂತೆ. ಸಭೆ ನವೆಂಬರಿನಲ್ಲಿ.